ಜನಮತದಲ್ಲಿ ಸೋತವರಿಗೆ ಶಿರವಸ್ತ್ರವೇ ಗುರಿಯೇ?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2023ರ ಕೊನೆಯಿಂದ ನಡೆದ ಜನಾಭಿಪ್ರಾಯ ಸಮೀಕ್ಷೆಗಳು ಒಂದು ವಿಚಿತ್ರ ಚಿತ್ರವನ್ನು ಮುಂದಿಟ್ಟವು. ಕೆನಡಾದಿಂದ ಬೇರ್ಪಟ್ಟು ಸ್ವತಂತ್ರ ದೇಶವಾಗಬೇಕೆಂಬ ಒಂದೇ ಗುರಿಗಾಗಿ ಹುಟ್ಟಿದ ಪಾರ್ತಿ ಕೆಬೆಕ್ವಾ ಪಕ್ಷವು ಹೆಚ್ಚಿನ ಸಮೀಕ್ಷೆಗಳಲ್ಲಿ ಎಲ್ಲ ಪಕ್ಷಗಳಿಗಿಂತ ಮುಂದಿತ್ತು. 2022ರ ಚುನಾವಣೆಯಲ್ಲಿ 125 ಸ್ಥಾನಗಳ ಪೈಕಿ ಬರೇ 3ನ್ನು ಗೆದ್ದಿದ್ದ ಪಕ್ಷ ಇದು! ಅದರ ನಾಯಕ ಪಾಲ್ ಸೇಂಟ್-ಪಿಯೆರ್ ಪ್ಲಾಮೊಂಡೊನ್ ಅವರು ಅಧಿಕಾರಕ್ಕೆ ಬಂದರೆ 2030ರೊಳಗೆ ಮೂರನೆಯ ಜನಮತಗಣನೆ ನಡೆಸುವುದಾಗಿ ಘೋಷಿಸಿದರು. ಆದರೆ ಅದೇ ಸಮೀಕ್ಷೆಗಳಲ್ಲಿ ‘ಪ್ರತ್ಯೇಕ ದೇಶ ಬೇಕೇ?’ ಎಂದು ಕೇಳಿದಾಗ ‘ಬೇಕು’ ಎಂದವರು ಹೆಚ್ಚು ಕಡಿಮೆ ಮೂರನೇ ಒಂದು ಭಾಗದಷ್ಟು ಮಾತ್ರ. ಪಕ್ಷ ಬೇಕು, ಪಕ್ಷದ ಗುರಿ ಬೇಡ!

ಇದನ್ನು ಕಂಡು ಕ್ವಿಬೆಕ್ ಇನ್ನೇನು ಕೆನಡಾದಿಂದ ಹೊರಬಿತ್ತು ಎಂದು ಅವಸರದ ತೀರ್ಮಾನಕ್ಕೆ ಬರುವವರಿದ್ದಾರೆ. ಇದೆಲ್ಲಾ ಬರೀ ರಾಜಕಾರಣಿಗಳ ನಾಟಕ, ಜನರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ ಎಂದು ಕೈಕೊಡವುವವರೂ ಇದ್ದಾರೆ. ಇಬ್ಬರೂ ಜನರನ್ನು ಅರ್ಥ ಮಾಡಿಕೊಂಡಿಲ್ಲ. ಜನರ ನಿಲುವಿನಲ್ಲಿ ಗೊಂದಲವೇನೂ ಇಲ್ಲ. ಗೊಂದಲವಿರುವುದು ಪಕ್ಷಗಳಲ್ಲಿ. ತನ್ನ ಮೂಲ ಗುರಿಗೆ ಜನರ ಒಪ್ಪಿಗೆ ಸಿಗದೆ ಹೋದಾಗ ಪ್ರಾದೇಶಿಕ ಪಕ್ಷವೊಂದು ಬದುಕುಳಿಯಲು ಏನು ಮಾಡುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ನ್ಯಾಯವಾದ ಬೇಡಿಕೆ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ವಿಬೆಕ್‌ನ ಅಸಮಾಧಾನ ಹುಸಿಯಲ್ಲ. 1759ರಲ್ಲಿ ಬ್ರಿಟಿಷ್ ಸೇನೆಗೆ ಸೋತು, 1763ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ನಿನ ಪಾಲಾದ ಫ್ರೆಂಚ್ ಭಾಷಿಕರ ನಾಡು ಅದು. ಇಂದು ಅಲ್ಲಿನ ಜನಸಂಖ್ಯೆ ಸುಮಾರು 90 ಲಕ್ಷ. ಅವರಲ್ಲಿ ನಾಲ್ವರಲ್ಲಿ ಮೂವರಷ್ಟು ಮಂದಿಯ ಮಾತೃಭಾಷೆ ಫ್ರೆಂಚ್. ಸುತ್ತಲೂ ಇರುವುದು ಇಂಗ್ಲಿಷಿನ ಕಡಲು. ತಮ್ಮದೇ ನೆಲದಲ್ಲಿ, ತಾವೇ ಬಹುಸಂಖ್ಯಾತರಾಗಿದ್ದ ಮಾಂಟ್ರಿಯಲ್ ನಗರದಲ್ಲಿ, ಫ್ರೆಂಚರು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇಂಗ್ಲಿಷ್ ಧಣಿಗಳ ಕೈಕೆಳಗೆ ದುಡಿಯುವವರಾಗಿದ್ದರು. ಬ್ಯಾಂಕು, ಕಾರ್ಖಾನೆ, ದೊಡ್ಡ ಅಂಗಡಿಗಳ ಭಾಷೆ ಇಂಗ್ಲಿಷಾಗಿತ್ತು. ಶಾಲೆ ಮತ್ತು ಆಸ್ಪತ್ರೆಗಳು ಬಹುಮಟ್ಟಿಗೆ ಕ್ಯಾಥೊಲಿಕ್ ಚರ್ಚಿನ ಹಿಡಿತದಲ್ಲಿದ್ದವು.

1960ರಲ್ಲಿ ಆರಂಭವಾದ ‘ಮೌನ ಕ್ರಾಂತಿ’ ಈ ಎರಡು ನೊಗಗಳನ್ನೂ ಕಿತ್ತೆಸೆಯತೊಡಗಿತು. ಶಿಕ್ಷಣ ಸರಕಾರದ ಹೊಣೆಯಾಯಿತು, ವಿದ್ಯುತ್ ಕಂಪೆನಿಗಳು ರಾಷ್ಟ್ರೀಕರಣಗೊಂಡವು. ಈ ರಾಷ್ಟ್ರೀಕರಣದ ರೂವಾರಿಯಾಗಿದ್ದ ಸಚಿವ ರೆನೆ ಲೆವೆಕ್ ಮುಂದೆ ಲಿಬರಲ್ ಪಕ್ಷ ತೊರೆದು 1968ರಲ್ಲಿ ಪಾರ್ತಿ ಕೆಬೆಕ್ವಾ ಕಟ್ಟಿದರು. ಅವರ ಸರಕಾರ 1977ರಲ್ಲಿ ತಂದ 101ನೇ ಕಾನೂನು ಫ್ರೆಂಚನ್ನು ಕಚೇರಿ, ಕಾರ್ಖಾನೆ ಮತ್ತು ಅಂಗಡಿಯ ಭಾಷೆಯನ್ನಾಗಿ ಮಾಡಿತು. ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳು ಫ್ರೆಂಚ್ ಶಾಲೆಯಲ್ಲೇ ಕಲಿಯಬೇಕೆಂದು ವಿಧಿಸಿತು. ನಾಮಫಲಕಗಳಲ್ಲಿ ಫ್ರೆಂಚ್ ಮಾತ್ರವೇ ಇರಬೇಕೆಂಬ ನಿಯಮವನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೊನೆಗೆ 1993ರಲ್ಲಿ, ಬೇರೆ ಭಾಷೆ ಇರಬಹುದು, ಆದರೆ ಫ್ರೆಂಚ್ ಎದ್ದು ಕಾಣಬೇಕು ಎಂಬಲ್ಲಿಗೆ ವಿಷಯ ಬಂದು ನಿಂತಿತು. 2024ರಲ್ಲಿ ಕರ್ನಾಟಕ ಸರಕಾರ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ಕಾನೂನು ಮಾಡಿದಾಗ ಅದರ ಹಿಂದಿದ್ದ ಯೋಚನೆಯೂ ಬಹುತೇಕ ಇದೇ.

ಈ ಭಾಷಾನೀತಿಯನ್ನು ಸಂಕುಚಿತತೆ ಎಂದು ಹಳಿಯುವ ಇಂಗ್ಲಿಷ್ ಪತ್ರಿಕೆಗಳು ಕೆನಡಾದಲ್ಲಿ ಬೇಕಾದಷ್ಟಿವೆ. ಅವರ ಸಾಲಿಗೆ ಸೇರುವ ಅಗತ್ಯ ನಮಗಿಲ್ಲ. ಸ್ವಂತ ಮನೆಯಲ್ಲಿ ಸ್ವಂತ ಭಾಷೆಗೆ ಮೊದಲ ಮಣೆ ಕೇಳುವುದು ಅಪರಾಧವಲ್ಲ. ಕನ್ನಡಿಗರಿಗೆ ಇದನ್ನು ಬೇರೆಯವರು ವಿವರಿಸಿ ಹೇಳಬೇಕಾಗಿಲ್ಲ.

ಜನರು ಹೇಳಿದ್ದು ಏನು?

ಈಗ ಜನಾಭಿಪ್ರಾಯದ ವಿಷಯಕ್ಕೆ ಬರೋಣ. ಪಾರ್ತಿ ಕೆಬೆಕ್ವಾ 1970ರಲ್ಲಿ 7 ಸ್ಥಾನ, 1973ರಲ್ಲಿ 6 ಸ್ಥಾನ ಪಡೆದು ಸುಮ್ಮನಾಗಬೇಕಾಯಿತು. ಆಗ ಪಕ್ಷ ತನ್ನ ದಾರಿ ಬದಲಿಸಿತು. ‘ನಮಗೆ ಮತ ಹಾಕಿದ ಮಾತ್ರಕ್ಕೆ ನೀವು ಪ್ರತ್ಯೇಕ ದೇಶಕ್ಕೆ ಒಪ್ಪಿದಂತಲ್ಲ. ಅದಕ್ಕೆ ಬೇರೆಯೇ ಜನಮತಗಣನೆ ನಡೆಸುತ್ತೇವೆ. ಈಗ ಒಳ್ಳೆಯ ಆಡಳಿತ ಕೊಡುತ್ತೇವೆ’ ಎಂದಿತು. 1976ರಲ್ಲಿ ಶೇ. 41 ಮತ ಪಡೆದು 71 ಸ್ಥಾನಗಳೊಂದಿಗೆ ಅಧಿಕಾರಕ್ಕೇರಿತು. 1980ರ ಮೇ 20ರಂದು ಜನಮತಗಣನೆ ನಡೆಯಿತು. ಶೇ. 59.56 ಮಂದಿ ‘ಬೇಡ’ ಎಂದರು. ಇನ್ನು ಈ ಪಕ್ಷದ ಕತೆ ಮುಗಿಯಿತು ಎಂದು ವಿರೋಧಿಗಳು ಹಿಗ್ಗಿದರು. ಆದರೆ ಮರುವರ್ಷವೇ, 1981ರಲ್ಲಿ, ಅದೇ ಜನರು ಅದೇ ಪಕ್ಷಕ್ಕೆ ಶೇ. 49ರಷ್ಟು ಮತ ಕೊಟ್ಟು ಮತ್ತೆ ಗೆಲ್ಲಿಸಿದರು!

ಇದಕ್ಕಿಂತ ಸ್ಪಷ್ಟವಾಗಿ ಜನರು ಇನ್ನು ಹೇಗೆ ಮಾತಾಡಬೇಕು? ನಮ್ಮ ಭಾಷೆಯನ್ನು ಕಾಯುವ, ಕೇಂದ್ರದ ಮುಂದೆ ತಲೆಯೆತ್ತಿ ನಿಲ್ಲುವ ಸರಕಾರ ಬೇಕು, ಆದರೆ ದೇಶ ಒಡೆಯುವುದು ಬೇಡ ಎಂದು ಅವರು ಹೇಳಿದ್ದರು. ಸ್ಕಾಟ್ಲೆಂಡಿನಲ್ಲಿಯೂ ನಡೆದದ್ದು ಇದೇ. 2014ರ ಜನಮತಗಣನೆಯಲ್ಲಿ ಶೇ. 55 ಮಂದಿ ಸ್ವಾತಂತ್ರ್ಯವನ್ನು ತಿರಸ್ಕರಿಸಿದರು. 2015ರ ಬ್ರಿಟಿಷ್ ಸಂಸತ್ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಅಲ್ಲಿನ 59 ಸ್ಥಾನಗಳಲ್ಲಿ 56ನ್ನು ಕೊಟ್ಟರು.

ಈ ಮಾತನ್ನು ಕೇಂದ್ರವೂ ಕೇಳಿಸಿಕೊಳ್ಳಲಿಲ್ಲ. 1982ರಲ್ಲಿ ಕ್ವಿಬೆಕ್ ಸರಕಾರದ ಒಪ್ಪಿಗೆಯಿಲ್ಲದೆಯೇ ಹೊಸ ಸಂವಿಧಾನ ಕಾಯ್ದೆ ಜಾರಿಗೆ ಬಂತು. ಆ ಗಾಯಕ್ಕೆ ಮುಲಾಮು ಹಚ್ಚಲು ಮಾಡಿಕೊಂಡ 1987ರ ಮೀಚ್ ಲೇಕ್ ಒಪ್ಪಂದವು ಉಳಿದ ಪ್ರಾಂತ್ಯಗಳ ತಕರಾರಿನಿಂದಾಗಿ 1990ರಲ್ಲಿ ಸತ್ತೇ ಹೋಯಿತು. ಅವಮಾನಿತರಾದ ಜನರು 1995ರ ಅಕ್ಟೋಬರ್ 30ರಂದು ಎರಡನೆಯ ಬಾರಿ ಮತಗಟ್ಟೆಗೆ ಬಂದಾಗ ಶೇ. 93ಕ್ಕೂ ಹೆಚ್ಚು ಮತದಾನವಾಯಿತು. ‘ಬೇಡ’ ಶೇ. 50.58, ‘ಬೇಕು’ ಶೇ. 49.42. ಅಂತರ ಕೇವಲ 54,288 ಮತಗಳು. ಕೇಂದ್ರದ ದರ್ಪವೇ ಪ್ರತ್ಯೇಕತಾವಾದದ ಅತಿ ದೊಡ್ಡ ಪ್ರಚಾರಕ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ರಾತ್ರಿಯ ಮಾತು

ಆದರೆ ಅದೇ ರಾತ್ರಿ ಮತ್ತೊಂದು ಸಂಗತಿ ನಡೆಯಿತು. ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮಾನವಾದ ಹುದ್ದೆಯಲ್ಲಿದ್ದ ಜಾಕ್ ಪಾರಿಜೊ ಬೆಂಬಲಿಗರ ಮುಂದೆ ನಿಂತು, ನಾವು ಸೋತದ್ದು ಹಣದಿಂದ ಮತ್ತು ‘ಜನಾಂಗೀಯ ಮತ’ಗಳಿಂದ ಎಂದುಬಿಟ್ಟರು. ಮರುದಿನವೇ ಅವರು ರಾಜೀನಾಮೆ ಘೋಷಿಸಿದರು. ಆದರೆ ಆಡಿದ ಮಾತು ಹಿಂದೆ ಬರುವುದಿಲ್ಲ.

ಆ ಮಾತಿನ ಲೆಕ್ಕವನ್ನು ಒಮ್ಮೆ ಪರಿಶೀಲಿಸಿ. ಫ್ರೆಂಚ್ ಮಾತೃಭಾಷೆಯವರಲ್ಲಿ ‘ಬೇಕು’ ಎಂದವರು ಸುಮಾರು ಶೇ. 60 ಎಂದು ಅಂದಾಜು. ಹಾಗಾದರೆ ಐವರು ಫ್ರೆಂಚರಲ್ಲಿ ಇಬ್ಬರು ‘ಬೇಡ’ ಎಂದಿದ್ದರು. ಅವರ ಸಂಖ್ಯೆಯ ಮುಂದೆ 54 ಸಾವಿರದ ಅಂತರ ಯಾವ ಲೆಕ್ಕ? ಸೋಲಿಗೆ ಕಾರಣ ಮನೆಯೊಳಗೇ ಇತ್ತು. ಬೆರಳು ತೋರಿಸಿದ್ದು ಮಾತ್ರ ನೆರೆಮನೆಯ ಕಡೆಗೆ. ಆ ನೆಲದ ಮೂಲನಿವಾಸಿಗಳಾದ ಕ್ರೀ ಜನರು ಕೂಡಾ ಜನಮತಗಣನೆಗೆ ಕೆಲವೇ ದಿನಗಳ ಮುಂಚೆ ತಮ್ಮದೇ ಮತದಾನ ನಡೆಸಿ, ಶೇ. 96ರಷ್ಟು ಮಂದಿ ಪ್ರತ್ಯೇಕತೆಯನ್ನು ವಿರೋಧಿಸಿದ್ದರು. ನಮ್ಮನ್ನು ಕೇಳದೆ ನಮ್ಮನ್ನು ಕೆನಡಾದಲ್ಲಿ ಸೇರಿಸಿದರು ಎನ್ನುವವರು ಕ್ರೀ ಜನರನ್ನು ಕೇಳದೆ ಕೊಂಡೊಯ್ಯಬಹುದೇ? ಈ ಪ್ರಶ್ನೆಗೆ ಪಕ್ಷದ ಬಳಿ ಇಂದಿಗೂ ತೃಪ್ತಿಕರ ಉತ್ತರವಿಲ್ಲ.

ಮತ ಹಾಕಿದವರನ್ನೆಲ್ಲ ‘ನಾವು’ ಎಂದು ಎಣಿಸುವುದು ಪ್ರಜಾಪ್ರಭುತ್ವ. ನಮ್ಮ ಪರವಾಗಿ ಮತ ಹಾಕಿದವರಷ್ಟೇ ‘ನಾವು’ ಎಂದ ಕ್ಷಣ ಅದು ಬೇರೇನೋ ಆಗುತ್ತದೆ. 1995ರ ಆ ರಾತ್ರಿ ಕ್ವಿಬೆಕ್ ರಾಜಕೀಯದಲ್ಲಿ ಪ್ರಶ್ನೆಯೇ ಬದಲಾಯಿತು. ‘ನಾವು ಪ್ರತ್ಯೇಕ ದೇಶವಾಗಬೇಕೇ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ನಾವು ಎಂದರೆ ಯಾರು?’ ಎಂಬ ಪ್ರಶ್ನೆ ಬಂದು ಕುಳಿತಿತು. ಮೊದಲ ಪ್ರಶ್ನೆಗೆ ಜನ ಎರಡು ಬಾರಿ ‘ಬೇಡ’ ಎಂದಿದ್ದರು. ಎರಡನೆಯದಕ್ಕೆ ಉತ್ತರ ಹೇಳುವುದು ಸುಲಭ, ಮತವೂ ಸಿಗುತ್ತದೆ.

ಕರೆಸಿಕೊಂಡವರೇ ಪರಕೀಯರು

ವಿಪರ್ಯಾಸ ಇರುವುದು ಇಲ್ಲಿ. ಹೊರಗಿನಿಂದ ಬಂದು ನೆಲೆಸುವವರನ್ನು ತಾನೇ ಆರಿಸಿಕೊಳ್ಳುವ ಅಧಿಕಾರದ ದೊಡ್ಡ ಪಾಲನ್ನು ಕ್ವಿಬೆಕ್ ಸರಕಾರ 1978 ಮತ್ತು 1991ರ ಒಪ್ಪಂದಗಳ ಮೂಲಕ ಕೇಂದ್ರದಿಂದ ಪಡೆದುಕೊಂಡಿತು. ಆಯ್ಕೆಯಲ್ಲಿ ಫ್ರೆಂಚ್ ಬಲ್ಲವರಿಗೆ ಆದ್ಯತೆ. ಫ್ರೆಂಚ್ ಬಲ್ಲವರು ಎಲ್ಲಿದ್ದಾರೆ? ಫ್ರಾನ್ಸ್ ಬಿಟ್ಟರೆ ಅಲ್ಜೀರಿಯಾ, ಮೊರಾಕ್ಕೊ, ಟುನೀಸಿಯಾ, ಲೆಬನಾನ್, ಹೈಟಿ, ಪಶ್ಚಿಮ ಆಫ್ರಿಕಾ ಮುಂತಾದೆಡೆಗಳಲ್ಲಿ. ಹೀಗೆ ಫ್ರೆಂಚ್ ಭಾಷೆಯನ್ನು ಉಳಿಸಲೆಂದೇ ಸಾವಿರಾರು ಅರಬ್ ಮತ್ತು ಆಫ್ರಿಕನ್ ಮುಸ್ಲಿಮರನ್ನು ಕ್ವಿಬೆಕ್ ತಾನಾಗಿ ಬರಮಾಡಿಕೊಂಡಿತು. ಅವರ ಮಕ್ಕಳು 101ನೇ ಕಾನೂನಿನಂತೆ ಫ್ರೆಂಚ್ ಶಾಲೆಯಲ್ಲಿ ಕಲಿತರು, ಫ್ರೆಂಚಿನಲ್ಲಿ ಜಗಳವಾಡಿದರು, ಫ್ರೆಂಚಿನಲ್ಲೇ ಕನಸು ಕಂಡರು. ಭಾಷೆ ಕೇಳಿದ್ದೆಲ್ಲವನ್ನೂ ಅವರು ಕೊಟ್ಟರು. ಆಗ ಹೊಸ ಬೇಡಿಕೆ ಬಂತು: ತಲೆಯ ಮೇಲಿನ ಬಟ್ಟೆ ತೆಗೆಯಿರಿ!

2007ರ ಆರಂಭದಲ್ಲಿ ಹೆರೂವಿಲ್ ಎಂಬ ಸಣ್ಣ ಊರಿನ ಪುರಸಭೆ ವಲಸಿಗರಿಗಾಗಿ ‘ನೀತಿ ಸಂಹಿತೆ’ಯೊಂದನ್ನು ಹೊರಡಿಸಿತು. ಹೆಂಗಸರನ್ನು ಕಲ್ಲೆಸೆದು ಕೊಲ್ಲಬಾರದು ಎಂದು ಅದರಲ್ಲಿತ್ತು. ಆ ಊರಿನಲ್ಲಿ ವಲಸಿಗರೇ ಇರಲಿಲ್ಲವೆನ್ನಬಹುದು! ಗದ್ದಲ ಎಷ್ಟಾಯಿತೆಂದರೆ ಸರಕಾರವು ಇತಿಹಾಸಕಾರ ಜೆರಾರ್ ಬುಶಾರ್ ಮತ್ತು ತತ್ವಜ್ಞಾನಿ ಚಾರ್ಲ್ಸ್ ಟೇಲರ್ ಅವರ ಆಯೋಗವನ್ನು ನೇಮಿಸಬೇಕಾಯಿತು. ನ್ಯಾಯಾಧೀಶರು, ಪೊಲೀಸರು, ಸರಕಾರಿ ವಕೀಲರು, ಜೈಲು ಸಿಬ್ಬಂದಿಯಂತಹ ಕೆಲವರನ್ನು ಬಿಟ್ಟು ಉಳಿದ ನೌಕರರ ಧಾರ್ಮಿಕ ಚಿಹ್ನೆಗಳಿಗೆ ತಡೆ ಬೇಡವೆಂದು ಆಯೋಗ 2008ರಲ್ಲಿ ವರದಿ ಕೊಟ್ಟಿತು. ಆ ಸೀಮಿತ ನಿಷೇಧಕ್ಕೂ ತನ್ನ ಬೆಂಬಲವಿಲ್ಲವೆಂದು ಟೇಲರ್ 2017ರಲ್ಲಿ ಹೇಳಿದರು. ಶಾಸನಸಭೆಯ ಸಭಾಂಗಣದಲ್ಲಿ ತೂಗುಹಾಕಿದ್ದ ಶಿಲುಬೆಯನ್ನು ತೆಗೆಯಬೇಕೆಂದೂ ವರದಿ ಹೇಳಿತ್ತು. ವರದಿ ಬಂದ ದಿನವೇ ಸಭೆ ಸರ್ವಾನುಮತದಿಂದ ಶಿಲುಬೆ ಇರಲಿ ಎಂದು ನಿರ್ಣಯಿಸಿತು. ಅದು ಧರ್ಮವಲ್ಲ, ಪರಂಪರೆಯಂತೆ! ಅದು ಅಲ್ಲಿಂದ ಕೆಳಗಿಳಿದದ್ದು 2019ರಲ್ಲಿ.

2012ರಲ್ಲಿ ಪೌಲಿನ್ ಮಾರ್ವಾ ಅವರ ನೇತೃತ್ವದಲ್ಲಿ ಪಾರ್ತಿ ಕೆಬೆಕ್ವಾ ಮತ್ತೆ ಅಧಿಕಾರಕ್ಕೆ ಬಂತು. ಆದರೆ ಬಹುಮತವಿರಲಿಲ್ಲ, ಮತಪ್ರಮಾಣ ಶೇ. 32ರಷ್ಟಿತ್ತು. ಜನಮತಗಣನೆಯ ಮಾತೆತ್ತಿದರೆ ಇರುವುದೂ ಹೋಗುತ್ತಿತ್ತು. ಆಗ 2013ರಲ್ಲಿ ‘ಮೌಲ್ಯಗಳ ಸನದು’ ಹೊರಬಂತು. ಶಿಕ್ಷಕಿಯರು, ದಾದಿಯರು, ಶಿಶುವಿಹಾರದ ಆಯಾಗಳವರೆಗೆ ಎಲ್ಲ ಸರಕಾರಿ ನೌಕರರಿಗೂ ಎದ್ದು ಕಾಣುವ ಧಾರ್ಮಿಕ ಉಡುಪು ನಿಷೇಧ. ಇದು ಅತಿಯಾಯಿತು ಎಂದು ಟೀಕಿಸಿದವರಲ್ಲಿ ಯಾರಿದ್ದರು ಗೊತ್ತೇ? ಜಾಕ್ ಪಾರಿಜೊ ಕೂಡಾ ಇದ್ದರು! ಬಹುಮತದ ಆಸೆಯಿಂದ 2014ರಲ್ಲಿ ಮಾರ್ವಾ ಚುನಾವಣೆಗೆ ಹೋದರು. ಸಿಕ್ಕಿದ್ದು ಶೇ. 25 ಮತ, 30 ಸ್ಥಾನ. ಸರಕಾರವೂ ಹೋಯಿತು, ಸನದೂ ಹೋಯಿತು.

ಆದರೆ ಬಿತ್ತಿದ ಬೀಜ ಉಳಿಯಿತು. 2017ರ ಜನವರಿ 29ರ ರಾತ್ರಿ ಕ್ವಿಬೆಕ್ ನಗರದ ಮಸೀದಿಗೆ ನುಗ್ಗಿದ ಯುವಕನೊಬ್ಬ ನಮಾಝ್ ಮುಗಿಸಿದ್ದ ಆರು ಮಂದಿಯನ್ನು ಗುಂಡಿಟ್ಟು ಕೊಂದ. ಕೊಲೆಗೆ ಕೊಲೆಗಾರನೇ ಹೊಣೆ, ಯಾವ ಪಕ್ಷವೂ ಅವನ ಕೈಗೆ ಬಂದೂಕು ಕೊಟ್ಟಿರಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಸತ್ತವರು ಯಾರೆಂಬುದನ್ನೂ ಹೇಳಬೇಕು. ಅವರು ಅಲ್ಜೀರಿಯಾ, ಮೊರಾಕ್ಕೊ, ಟುನೀಸಿಯಾ, ಗಿನಿಗಳಿಂದ ಬಂದು ನೆಲೆಸಿದ್ದವರು. ಫ್ರೆಂಚ್ ಚಾಲ್ತಿಯಲ್ಲಿರುವ, ಯಾವ ನಾಡುಗಳಿಂದ ಕ್ವಿಬೆಕ್ ಜನರನ್ನು ಬಯಸಿ ಕರೆಸಿಕೊಂಡಿತ್ತೋ ಆ ನಾಡುಗಳವರು.

ಎರಡೇ ವರ್ಷಗಳಲ್ಲಿ, 2019ರ ಜೂನ್ 16ರಂದು, 21ನೇ ಮಸೂದೆ 73-35 ಮತಗಳಿಂದ ಅಂಗೀಕಾರವಾಯಿತು. ಸರಕಾರಿ ಶಾಲೆಯ ಶಿಕ್ಷಕಿ ಶಿರವಸ್ತ್ರ ಧರಿಸುವಂತಿಲ್ಲ, ಸಿಖ್ ಶಿಕ್ಷಕ ಪೇಟ ಕಟ್ಟುವಂತಿಲ್ಲ, ಯಹೂದಿ ಟೋಪಿ ಹಾಕುವಂತಿಲ್ಲ. ಆಗಲೇ ಕೆಲಸದಲ್ಲಿದ್ದವರಿಗೆ ವಿನಾಯಿತಿಯಿದೆ, ಅದೂ ಅದೇ ಹುದ್ದೆಯಲ್ಲಿರುವವರೆಗೆ ಮಾತ್ರ. ಅಂದರೆ ಬಡ್ತಿ ಬೇಕಾದರೆ ತಲೆಯ ಬಟ್ಟೆ ತೆಗೆಯಬೇಕು. ಇದು ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂದು ಕೋರ್ಟು ರದ್ದುಪಡಿಸದಂತೆ, ಹಕ್ಕುಗಳನ್ನು ಬದಿಗಿರಿಸಲು ಸಂವಿಧಾನದ 33ನೇ ಕಲಂ ನೀಡುವ ಅವಕಾಶವನ್ನು ಮುಂಚಿತವಾಗಿಯೇ ಬಳಸಲಾಯಿತು. ತನ್ನ ಕಾನೂನು ಹಕ್ಕುಗಳನ್ನು ಕಸಿಯುವುದಿಲ್ಲವೆಂದು ಸರಕಾರಕ್ಕೇ ನಂಬಿಕೆಯಿದ್ದಿದ್ದರೆ ಈ ಕವಚ ಏಕೆ ಬೇಕಿತ್ತು? 2025ರಲ್ಲಿ ಈ ನಿಷೇಧವನ್ನು ಶಿಕ್ಷಕರಿಂದಾಚೆಗೆ ಶಾಲೆಯ ಇತರ ಸಿಬ್ಬಂದಿಗೂ ವಿಸ್ತರಿಸಲಾಯಿತು.

ಈ ಮಸೂದೆ ತಂದದ್ದು ಪಾರ್ತಿ ಕೆಬೆಕ್ವಾ ಅಲ್ಲ ಎಂಬುದನ್ನು ಗಮನಿಸಿ. ಹಿಂದೆ ಅದೇ ಪಕ್ಷದಲ್ಲಿ ಸಚಿವರಾಗಿದ್ದು, ಬಳಿಕ ಜನಮತಗಣನೆಯ ಗೊಡವೆಯೇ ಬೇಡವೆಂದು ಬೇರೆ ಪಕ್ಷ ಕಟ್ಟಿದ ಫ್ರಾನ್ಸ್ವಾ ಲೆಗೊ ಅವರ ಸರಕಾರ ತಂದದ್ದು. ಪಾರ್ತಿ ಕೆಬೆಕ್ವಾ ಅದರ ಪರವಾಗಿ ಕೈಯೆತ್ತಿತು. ಇನ್ನೊಂದು ಸ್ವಾತಂತ್ರ್ಯವಾದಿ ಪಕ್ಷವಾದ ಕೆಬೆಕ್ ಸೊಲಿಡೇರ್ ವಿರೋಧವಾಗಿ ಮತ ಹಾಕಿತು. ಆದ್ದರಿಂದ ಪ್ರತ್ಯೇಕತೆ ಬೇಕೆನ್ನುವವರೆಲ್ಲ ಅಸಹಿಷ್ಣುಗಳು, ಒಕ್ಕೂಟದ ಪರ ಇರುವವರೆಲ್ಲ ಉದಾರಿಗಳು ಎಂಬ ಲೆಕ್ಕಾಚಾರ ಸುಳ್ಳು.

ಎರಡು ವಾದಗಳು

ಈ ಕಾನೂನಿನ ಸಮರ್ಥಕರು ಎರಡು ಮಾತು ಹೇಳುತ್ತಾರೆ. ಒಂದು, ಚರ್ಚಿನ ಹಿಡಿತದಿಂದ ಬಿಡಿಸಿಕೊಂಡ ನಮಗೆ ಧರ್ಮವು ಶಾಲೆಗೆ ಮರಳುವುದನ್ನು ನೋಡಲಾಗದು. ನೋವು ನಿಜ, ಹೋಲಿಕೆ ತಪ್ಪು. ಚರ್ಚಿನ ಕೈಯಲ್ಲಿ ಶಾಲೆಯ ಆಡಳಿತವಿತ್ತು, ಪಠ್ಯವಿತ್ತು, ಸರಕಾರದ ಕಿವಿಯಿತ್ತು. ಮಾಂಟ್ರಿಯಲ್‌ನ ಮೂರನೇ ತರಗತಿಗೆ ಗಣಿತ ಕಲಿಸುವ ಶಿಕ್ಷಕಿಯ ಕೈಯಲ್ಲಿರುವುದು ಸೀಮೆಸುಣ್ಣದ ತುಂಡು ಮಾತ್ರ. ಅಧಿಕಾರದ ಪೀಠದಿಂದ ಧರ್ಮವನ್ನು ಇಳಿಸುವುದು ಜಾತ್ಯತೀತತೆ. ಬಡಪಾಯಿ ಶಿಕ್ಷಕಿಯನ್ನು ಕೆಲಸದಿಂದ ಇಳಿಸುವುದು ಜಾತ್ಯತೀತತೆ ಹೇಗಾದೀತು? ತಲೆಗೆ ಬಟ್ಟೆ ಹಾಕೆಂದು ಹೆಣ್ಣನ್ನು ಒತ್ತಾಯಿಸುವ ಸರಕಾರ, ತೆಗೆಯೆಂದು ಒತ್ತಾಯಿಸುವ ಸರಕಾರ, ಎರಡೂ ಅವಳ ಆಯ್ಕೆಯನ್ನೇ ಕಸಿಯುತ್ತವೆ. 2022ರಲ್ಲಿ ಉಡುಪಿಯಿಂದ ಹೊರಟು ಇಡೀ ರಾಜ್ಯವನ್ನು ಆವರಿಸಿದ ವಿವಾದವನ್ನು ಕಂಡವರಿಗೆ, ಕಾಲೇಜಿನ ಗೇಟಿನ ಹೊರಗೆ ಉಳಿದ ಹುಡುಗಿಯರನ್ನು ಕಂಡವರಿಗೆ, ಇಂತಹ ಕಾನೂನಿನ ಮೊದಲ ನಷ್ಟ ಯಾರಿಗೆಂಬುದು ತಿಳಿದಿದೆ.

ಎರಡನೆಯ ಮಾತು, ಸಮೀಕ್ಷೆಗಳಲ್ಲಿ ಬಹುಜನರು ಈ ಕಾನೂನಿನ ಪರ ಇದ್ದಾರೆ ಎಂಬುದು. ಇದು ಸುಳ್ಳಲ್ಲ. ಆದರೆ ಜನಾಭಿಪ್ರಾಯಕ್ಕೆ ಎಲ್ಲಿ ಹಕ್ಕಿದೆ, ಎಲ್ಲಿ ಇಲ್ಲ? ತಮ್ಮ ನಾಡು ಪ್ರತ್ಯೇಕ ದೇಶವಾಗಬೇಕೇ ಎಂಬುದನ್ನು ಜನರು ತೀರ್ಮಾನಿಸಬಹುದು. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಆದರೆ ನೆರೆಮನೆಯ ಹೆಂಗಸು ಏನು ತೊಟ್ಟು ಪಾಠ ಮಾಡಬೇಕೆಂಬುದು ಬಹುಮತಕ್ಕೆ ಬಿಡುವ ವಿಷಯವಲ್ಲ. ಬಹುಮತದಿಂದ ರಕ್ಷಿಸಲಿಕ್ಕೆಂದೇ ಹಕ್ಕುಗಳನ್ನು ಸಂವಿಧಾನದಲ್ಲಿ ಬರೆದಿಡುವುದು. ಫ್ರೆಂಚರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಇಡೀ ಕೆನಡಾದ ಲೆಕ್ಕ ತೆಗೆದರೆ ಅವರೇ ಅಲ್ಪಸಂಖ್ಯಾತರು. ಇಂಗ್ಲಿಷ್ ಬಹುಮತವೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಫ್ರೆಂಚ್ ಎಂದೋ ಅಳಿದುಹೋಗುತ್ತಿತ್ತು. ಒಟ್ಟಾವದ ಮುಂದೆ ಅಲ್ಪಸಂಖ್ಯಾತನ ಹಕ್ಕು ಕೇಳುವವನು ಮಾಂಟ್ರಿಯಲ್‌ನಲ್ಲಿ ಬಹುಸಂಖ್ಯಾತನ ದೊಣ್ಣೆ ಹಿಡಿಯುವುದು ಯಾವ ನ್ಯಾಯ?

ಬಹುಮತವೆಂಬುದೂ ಎಷ್ಟು ಗಟ್ಟಿ? 2022ರಲ್ಲಿ ಲೆಗೊ ಅವರ ಪಕ್ಷ ಶೇ. 41 ಮತ ಪಡೆದು 125ರಲ್ಲಿ 90 ಸ್ಥಾನ ಗೆದ್ದಿತು. ಶೇ. 14ರ ಆಸುಪಾಸಿನಲ್ಲಿದ್ದ ಲಿಬರಲ್ಲರಿಗೆ 21 ಸ್ಥಾನ, ಅವರಿಗಿಂತ ತುಸು ಹೆಚ್ಚೇ ಮತ ಪಡೆದ ಪಾರ್ತಿ ಕೆಬೆಕ್ವಾಗೆ 3 ಸ್ಥಾನ. ಇಂತಹ ಚುನಾವಣಾ ಪದ್ಧತಿಯಲ್ಲಿ ಗೆದ್ದವರು ‘ಜನರ ಇಚ್ಛೆ’ಯ ಹೆಸರಿನಲ್ಲಿ ಮಾತನಾಡುವಾಗ ಸ್ವಲ್ಪ ವಿನಯವಾದರೂ ಇರಬೇಕು. 2026ರ ಜನವರಿಯಲ್ಲಿ ಲೆಗೊ ರಾಜೀನಾಮೆ ಘೋಷಿಸಿದಾಗ ಆ 90 ಸ್ಥಾನಗಳ ಪಕ್ಷ ಸಮೀಕ್ಷೆಗಳಲ್ಲಿ ಪಾತಾಳಕ್ಕಿಳಿದಿತ್ತು. ಶಿರವಸ್ತ್ರ ನಿಷೇಧ ಅವರನ್ನೂ ಉಳಿಸಲಿಲ್ಲ.

ಇನ್ನೊಂದು ದಾರಿಯಿದೆ

ಬೇರೆ ದಾರಿ ಇಲ್ಲವೆಂದಲ್ಲ. 2014ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡ್ ಅಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ಮತ್ತು ಯುರೋಪಿಯನ್ ಒಕ್ಕೂಟದ ನಾಗರಿಕರಿಗೂ ಮತದ ಹಕ್ಕು ಕೊಟ್ಟಿತು. ಯಾರು ಇಲ್ಲಿ ಬದುಕುತ್ತಾರೋ ಅವರು ಇಲ್ಲಿಯವರು ಎಂಬುದೇ ಅದರ ಅರ್ಥ. ಸೋತಾಗ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ನಾಯಕತ್ವ ‘ಪರಕೀಯರ ಮತ’ ಎಂದು ಹಲುಬಲಿಲ್ಲ. 2023ರಲ್ಲಿ ಪಾಕಿಸ್ತಾನಿ ಮೂಲದ ಕುಟುಂಬದ ಮುಸ್ಲಿಮ್ ಹಮ್ಝಾ ಯೂಸುಫ್ ಅದೇ ಪಕ್ಷದ ನಾಯಕರಾಗಿ ಆಯ್ಕೆಯಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಥಮ ಸಚಿವರಾಗಿದ್ದರು. ಅವರ ಆಡಳಿತದ ಬಗ್ಗೆ ಟೀಕೆಗಳಿವೆ, ಇರಲಿ. ಆದರೆ ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಕೇಳುವ ಹಕ್ಕು ಅವರಿಗೂ ಇದೆಯೆಂದು ಆ ಪಕ್ಷ ಒಪ್ಪಿತ್ತು. ನಾಡಪ್ರೇಮವೆಂದರೆ ಇದು.

ನಮ್ಮಲ್ಲಿ ಭಾಷಾನೀತಿಯ ಚರ್ಚೆ ಬಂದಾಗಲೆಲ್ಲ ಕ್ವಿಬೆಕ್‌ನ ಉದಾಹರಣೆ ಕೇಳಿಬರುತ್ತದೆ. ಕೇಳಿಬರಲಿ. 101ನೇ ಕಾನೂನಿನಿಂದ ಕಲಿಯುವುದು ಬಹಳಷ್ಟಿದೆ. ಆದರೆ ಅದರ ಜೊತೆಗೆ 21ನೇ ಮಸೂದೆಯ ಕತೆಯನ್ನೂ ಓದಬೇಕು. ಭಾಷೆ ಯಾರು ಬೇಕಾದರೂ ಕಲಿತು ತಮ್ಮದಾಗಿಸಿಕೊಳ್ಳಬಹುದಾದ ಸಂಪತ್ತು. ಅದರ ಮೇಲೆ ಕಟ್ಟಿದ ನಾಡಿನೊಳಕ್ಕೆ ಎಲ್ಲರಿಗೂ ಬಾಗಿಲಿದೆ. ಕಲಿತು ಬಂದವನ ಮುಂದೆ ಬಾಗಿಲು ಮುಚ್ಚಿ, ‘ಭಾಷೆಯೇನೋ ಸರಿ, ನಿನ್ನ ದೇವರು ಯಾರು?’ ಎಂದು ಕೇಳುವ ಪಕ್ಷ ಭಾಷೆಗೂ ದ್ರೋಹ ಬಗೆಯುತ್ತದೆ, ನಾಡಿಗೂ ದ್ರೋಹ ಬಗೆಯುತ್ತದೆ.

ಪಾರ್ತಿ ಕೆಬೆಕ್ವಾಗೆ ತನ್ನ ಗುರಿಯಲ್ಲಿ ನಂಬಿಕೆಯಿದ್ದರೆ ಮೂರನೆಯ ಜನಮತಗಣನೆಯನ್ನು ಕೇಳಲಿ. ಅದು ಅದರ ಹಕ್ಕು. ಆದರೆ 1995ರಲ್ಲಿ ಕಮ್ಮಿಯಾದ 54,288 ಮತಗಳನ್ನು ತಿರುಗಿ ಹುಡುಕುವಾಗ ಅದು ತಟ್ಟಬೇಕಾದ ಬಾಗಿಲುಗಳಲ್ಲಿ ಆ ಶಿಕ್ಷಕಿಯ ಮನೆಯ ಬಾಗಿಲೂ ಒಂದು. ಕೆಲಸ ಕಸಿದುಕೊಂಡವರ ಬಳಿ ಹೋಗಿ ‘ನಮ್ಮೊಂದಿಗೆ ಹೊಸ ದೇಶ ಕಟ್ಟಲು ಬನ್ನಿ’ ಎಂದು ಕರೆಯಲು ಯಾವ ಮುಖವಿದೆ?